ರೋಡ್ ಇನ್‌ಸ್ಪೆಕ್ಟರ್ ಕದ್ದುಮುಚ್ಚಿ ಕಟ್ಟಿದ ತೋಟ



ನೀವು ಮುಂಬಯಿಯ ಡೊಂಬಿವಿಲಿಯಲ್ಲಿರಬಹುದು, ಪುಣೆಯ ಕೊತ್ರೂಡಿನಲ್ಲಿರಬಹುದು, ಚೆನ್ನೈನ ಮಾಂಬಳದಲ್ಲೋ ಹೈದರಾಬಾದಿನ ಕಾಚಿಗುಡದಲ್ಲೋ ದಿಲ್ಲಿಯ ಆರ್.ಕೆ. ಪುರಂನಲ್ಲೋ ಇರಬಹುದು. ಎಲ್ಲೇ ಇದ್ದರೂ ಒಂದು ಮಾತು ಮಾತ್ರ ಎಲ್ಲರಿಗೂ ಅನ್ವಯಿಸುತ್ತೆ. ಊರಲ್ಲಿ ನಮಗೆಲ್ಲ ಒಂದು ಹಿತ್ತಲಿತ್ತು, ಇಲ್ಲಿ ಇಲ್ಲ. ಇಲ್ಲಿರುವುದು ಮೂರೂವರೆ ಅಡಿ ಅಗಲದ ಬಾಲ್ಕನಿ. ಅದರಲ್ಲೂ ಅರ್ಧ ಜಾಗವನ್ನು ವಾಷಿಂಗ್ ಮೆಷಿನ್ನು ನುಂಗಿಕೊಂಡಿರುತ್ತದೆ, ಉಳಿದರ್ಧದಲ್ಲಿ ಒಂದು ತುಳಸಿ ಕುಂಡ, ಒಂದು ಕರಿಬೇವು, ಪುಣ್ಯವಿದ್ದರೆ ಒಂದು ದೊಡ್ಡಪತ್ರೆ.

ಊರಿನ ಆ ಹಿತ್ತಲನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಅದನ್ನು ಅಲಂಕಾರ ಮಾಡಲಿಕ್ಕೆಂದು ಯಾರೂ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಏನನ್ನೂ ತಂದವರಲ್ಲ. ಮನೆ ಕಟ್ಟುವಾಗ ಮಿಕ್ಕ ಅರೆ ಇಟ್ಟಿಗೆಗಳನ್ನು ಓರೆಯಾಗಿ ನೆಟ್ಟು, ಹೂವಿನ ಪಾತಿಗೆ ಗರಗಸದ ಹಲ್ಲಿನ ಹಾಗೆ ಅಂಚು ಕಟ್ಟುತ್ತಿದ್ದರು. ಹಬ್ಬ ಬಂದರೆ ಆ ಅಂಚಿಗೆ ಒಂದು ಪಟ್ಟೆ ಸುಣ್ಣ, ಒಂದು ಪಟ್ಟೆ ಕೆಮ್ಮಣ್ಣು. ತೂತಾದ ಬಕೆಟ್ಟಿನಲ್ಲಿ ದಾಸವಾಳ, ಡಾಲ್ಡಾ ಡಬ್ಬಿಯಲ್ಲಿ ಗುಲಾಬಿ. ಒಡೆದ ಗಾಜಿನ ಬಳೆಗಳನ್ನು ಮನೆಯ ಹೆಣ್ಣುಮಕ್ಕಳು ಎತ್ತಿಟ್ಟುಕೊಂಡು, ದೀಪದ ಉರಿಯಲ್ಲಿ ಕಾಯಿಸಿ, ಒಂದರೊಳಗೊಂದು ಕೊಂಡಿ ಸೇರಿಸಿ, ಬಾಗಿಲಿಗೆ ತೋರಣ ಮಾಡುತ್ತಿದ್ದರು. ದಸರೆ ಗೊಂಬೆ ಕೂರಿಸುವವರ ಮನೆಯಲ್ಲಂತೂ ಕೇಳುವುದೇ ಬೇಡ! ತಟ್ಟೆಯಲ್ಲಿ ರಾಗಿ ಚೆಲ್ಲಿ ಹಸಿರು ಮೊಳಕೆ ಬರಿಸಿ, ನಡುವೆ ಕನ್ನಡಿಚೂರಿನ ಕೆರೆ ಇಟ್ಟು, ಬೆಂಕಿಪೊಟ್ಟಣದ ಬೆಂಚು ಹಾಕಿ ಒಂದು 'ಪಾರ್ಕು' ಸಿದ್ಧವಾಗುತ್ತಿತ್ತು. ಈಗ ಟೀವಿಯಲ್ಲಿ, ಮ್ಯಾಗಜೀನುಗಳಲ್ಲಿ 'ನೀವೇ ಮಾಡಿ ನೋಡಿ' ಎಂದು ಹೇಳಿಕೊಡುವುದೆಲ್ಲ ನಮ್ಮ ಅಜ್ಜಿಯರು ಹೆಸರಿಡದೆ ಮಾಡಿಕೊಂಡಿದ್ದ ಕೆಲಸವೇ.

ಇದೇ ಕೆಲಸವನ್ನು, ಇದೇ ಬಳೆಚೂರು ಇಟ್ಟಿಗೆಚೂರುಗಳಿಂದ, ಒಬ್ಬ ಮನುಷ್ಯ ಎಕರೆಗಟ್ಟಲೆ ಜಾಗದಲ್ಲಿ ಮಾಡಿದರೆ ಏನಾಗುತ್ತದೆ? ಅದೂ ಸರಕಾರಿ ಜಾಗದಲ್ಲಿ, ಯಾರಿಗೂ ಗೊತ್ತಾಗದ ಹಾಗೆ, ವರ್ಷಗಟ್ಟಲೆ? ಈ ಸಲದ ಇತಿಹಾಸದ ಪುಟದಲ್ಲಿ ಆ ಕಥೆ. ದಿಲ್ಲಿಯ ಕೇಳುಗರಲ್ಲಿ ಎಷ್ಟೋ ಮಂದಿ ಚಂಡೀಗಡದ ರಾಕ್ ಗಾರ್ಡನ್ ನೋಡಿ ಬಂದಿರುತ್ತೀರಿ, ಫೋಟೋ ತೆಗೆಸಿಕೊಂಡಿರುತ್ತೀರಿ. ಆದರೆ ಅದು ಹುಟ್ಟಿದ ರೀತಿ ಮಾತ್ರ ಗೈಡುಗಳ ಎರಡು ಸಾಲಿಗೆ ದಕ್ಕುವಂಥದ್ದಲ್ಲ.

ನೇಕ್ ಚಂದ್ ಸೈನಿ ಹುಟ್ಟಿದ್ದು 1924ರ ಡಿಸೆಂಬರ್ 15ರಂದು, ಶಕರ್‌ಗಢ ತಹಸೀಲಿನ ಬೇರಿಯಾಂ ಕಲಾಂ ಎಂಬ ಹಳ್ಳಿಯಲ್ಲಿ. ಆಗ ಅದು ಗುರುದಾಸಪುರ ಜಿಲ್ಲೆ. 1947ರಲ್ಲಿ ಗೆರೆ ಎಳೆದಾಗ ಶಕರ್‌ಗಢ ಪಾಕಿಸ್ತಾನದ ಪಾಲಾಯಿತು. ರೈತಾಪಿ ಕುಟುಂಬ ಹೊಲ, ಮನೆ, ಹಿತ್ತಲು ಎಲ್ಲ ಬಿಟ್ಟು ಈಚೆಗೆ ಬಂತು. ನಾವು ನೀವು ಕೆಲಸಕ್ಕಾಗಿ ಊರು ಬಿಟ್ಟವರು. ಯುಗಾದಿಗೋ ಜಾತ್ರೆಗೋ ರೈಲು ಹತ್ತಿ ಹೋಗಿ ಬರಬಹುದು. ಅವರಿಗೆ ಆ ದಾರಿ ಮುಚ್ಚಿಹೋಗಿತ್ತು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಲಾಹೋರನ್ನು ಕಳೆದುಕೊಂಡ ಭಾರತದ ಪಂಜಾಬಿಗೆ ಹೊಸದೊಂದು ರಾಜಧಾನಿ ಬೇಕಾಗಿತ್ತು. ಶಿವಾಲಿಕ ಬೆಟ್ಟಗಳ ಅಡಿಯಲ್ಲಿ ಚಂಡೀಗಡ ಎದ್ದಿತು. ಫ್ರಾನ್ಸಿನಿಂದ ಬಂದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ 1951ರಲ್ಲಿ ಅದರ ನಕ್ಷೆ ಕೈಗೆತ್ತಿಕೊಂಡರು, 1953ರ ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ನಗರವನ್ನು ಉದ್ಘಾಟಿಸಿದರು. ನೆಟ್ಟಗಿನ ರಸ್ತೆ, ಚೌಕಾಕಾರದ ಸೆಕ್ಟರು, ಬೋಳು ಕಾಂಕ್ರೀಟು. ಎಲ್ಲಿ ಮನೆ, ಎಲ್ಲಿ ಮಾರುಕಟ್ಟೆ, ಎಲ್ಲಿ ಮರ ಎಂಬುದೆಲ್ಲ ಮೊದಲೇ ಕಾಗದದ ಮೇಲೆ ತೀರ್ಮಾನವಾದ ಊರು ಅದು. ಇನ್ನೂ ಒಂದು ಸಂಗತಿ ಇದೆ. ಈ ನಗರದಲ್ಲಾಗಲೀ ಇದರ ಪಾರ್ಕುಗಳಲ್ಲಾಗಲೀ ವ್ಯಕ್ತಿಗಳ ಪ್ರತಿಮೆ ನಿಲ್ಲಿಸಕೂಡದು ಎಂದು ಕಾರ್ಬೂಸಿಯೆ ತಮ್ಮ ಶಾಸನದಂಥ ಬರಹದಲ್ಲಿ ಬರೆದಿಟ್ಟಿದ್ದರು. ಅದೇ ಊರಲ್ಲಿ ಒಬ್ಬ ಸಾವಿರಾರು ಪ್ರತಿಮೆ ನಿಲ್ಲಿಸಿಬಿಟ್ಟ ಎಂದರೆ ನಗು ಬರುವುದಿಲ್ಲವೇ? ಅವು ಮಂತ್ರಿ ಮಹೋದಯರ ಪ್ರತಿಮೆಗಳಲ್ಲ ಅನ್ನುವುದೊಂದೇ ಸಮಾಧಾನ.

ನೇಕ್ ಚಂದ್ ಚಂಡೀಗಡಕ್ಕೆ ಬಂದದ್ದು 1951ರಲ್ಲಿ, ಲೋಕೋಪಯೋಗಿ ಇಲಾಖೆಯ ರೋಡ್ ಇನ್‌ಸ್ಪೆಕ್ಟರ್ ಆಗಿ. ಓದಿದ್ದು ಮೆಟ್ರಿಕ್. ಕಲಾಶಾಲೆಯ ಮುಖ ನೋಡಿದವರಲ್ಲ. ಕೆಲಸ ಏನೆಂದರೆ ರಸ್ತೆಗೆ ಜಲ್ಲಿ ಹಾಕಿಸುವುದು, ಡಾಂಬರು ಲೆಕ್ಕ ಇಡುವುದು, ಆಳುಗಳ ಹಾಜರಿ ಬರೆಯುವುದು. ಆದರೆ ಆ ಕೆಲಸದಲ್ಲಿ ಕಣ್ಣಿಗೆ ಬಿದ್ದದ್ದು ಬೇರೆ. ಹೊಸ ನಗರಕ್ಕಾಗಿ ಹಲವು ಹಳ್ಳಿಗಳನ್ನು ಎಬ್ಬಿಸಿದ್ದರು. ಆ ಮನೆಗಳ ಹೆಂಚು, ಮಡಕೆ, ಒಡೆದ ಪಿಂಗಾಣಿ, ಬಳೆಚೂರು ಎಲ್ಲ ಗುಡ್ಡೆ ಬಿದ್ದಿತ್ತು. ಇನ್ನೊಂದು ಕಡೆ ಹೊಸ ಕಟ್ಟಡಗಳಿಂದ ಬಂದ ಕಸ: ಮುರಿದ ಟೈಲು, ಸೀಳಿದ ವಾಷ್‌ಬೇಸಿನ್ನು, ಕೆಟ್ಟ ಫ್ಯೂಸು, ಖಾಲಿ ಡಾಂಬರು ಪೀಪಾಯಿ. ಹಳೆಯದು ಹೋದ ಕಸ, ಹೊಸದು ಬಂದ ಕಸ, ಎರಡೂ ಒಂದೇ ರಸ್ತೆಯ ಬದಿಯಲ್ಲಿ. ಊರು ಬಿಟ್ಟು ಬಂದ ಮನುಷ್ಯನಿಗೆ ಅದು ಬರೀ ಕಸವಾಗಿ ಕಂಡಿರಲಿಕ್ಕಿಲ್ಲ ಅಂತ ನನಗನ್ನಿಸುತ್ತದೆ.

1958ರ ಸುಮಾರಿಗೆ ಅವರು ಒಂದು ವಿಚಿತ್ರ ಅಭ್ಯಾಸ ಹಚ್ಚಿಕೊಂಡರು. ಸಂಜೆ ಕೆಲಸ ಮುಗಿದ ಮೇಲೆ ಸೈಕಲ್ಲು ಹತ್ತಿ ಘಗ್ಗರ್ ನದಿಯ ಪಾತ್ರಕ್ಕೆ, ಸುಖ್ನಾ ಹಳ್ಳಕ್ಕೆ, ಶಿವಾಲಿಕದ ತಪ್ಪಲಿಗೆ ಹೋಗಿ ಕಲ್ಲು ಆರಿಸುವುದು. ನೀರು ತೇಯ್ದು ತೇಯ್ದು ಒಂದು ಕಲ್ಲು ಕೂತ ಹಕ್ಕಿಯ ಹಾಗೆ, ಇನ್ನೊಂದು ಕೂಸನ್ನೆತ್ತಿಕೊಂಡ ಹೆಂಗಸಿನ ಹಾಗೆ, ಮತ್ತೊಂದು ಗೊರಕೆ ಹೊಡೆಯುವ ಮುದುಕನ ಹಾಗೆ ಕಾಣುತ್ತಿತ್ತು. ಕೆತ್ತುವ ಗೋಜಿಲ್ಲ, ಸಿಕ್ಕ ಕಲ್ಲನ್ನು ಸಿಕ್ಕ ಹಾಗೇ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ತರುವುದು. ಸುಖ್ನಾ ಕೆರೆ ಕಟ್ಟಿದ್ದೂ ಅದೇ 1958ರಲ್ಲೇ. ಕೆರೆಗೂ ಹೈಕೋರ್ಟು, ಸೆಕ್ರೆಟೇರಿಯೆಟ್ಟುಗಳಿರುವ ಕ್ಯಾಪಿಟಲ್ ಕಾಂಪ್ಲೆಕ್ಸಿಗೂ ನಡುವೆ ಪೊದೆ ಬೆಳೆದ ಕಾಡು ಜಾಗವೊಂದಿತ್ತು. ಅಲ್ಲಿ ಏನೂ ಕಟ್ಟಬಾರದೆಂದು ನಿಯಮ. ಪಕ್ಕದಲ್ಲೇ ಇಲಾಖೆಯ ಸ್ಟೋರು ಇದ್ದದ್ದರಿಂದ ರೋಡ್ ಇನ್‌ಸ್ಪೆಕ್ಟರ್ ಅತ್ತ ಓಡಾಡಿದರೆ ಯಾರೂ ಕೇಳುತ್ತಿರಲಿಲ್ಲ. ಅಲ್ಲೇ ಒಂದು ಗುಡಿಸಲು, ಗುಡಿಸಲ ಸುತ್ತ ಕಲ್ಲುಗಳ ಸಾಲು.

1965ರ ಹೊತ್ತಿಗೆ ಪೊದೆ ಸವರಿ ಜಾಗ ಹಸನು ಮಾಡಿ, ಸಂಗ್ರಹಿಸಿದ್ದನ್ನು ಜೋಡಿಸಲು ಶುರು ಮಾಡಿದರು. ಅದೇ ವರ್ಷದ ಆಗಸ್ಟಿನಲ್ಲಿ ಕಾರ್ಬೂಸಿಯೆ ತೀರಿಕೊಂಡರು. ತಮ್ಮ ನಕ್ಷೆಯ ಒಂದು ಮೂಲೆಯಲ್ಲಿ ಇಂಥದ್ದೊಂದು ನಡೆದಿದೆ ಎಂಬುದು ಅವರ ಕಿವಿಗೆ ಬೀಳಲೇ ಇಲ್ಲ. ನೇಕ್ ಚಂದ್ ಹಗಲು ಸರಕಾರದ ರಸ್ತೆ ಮಾಡಿಸುತ್ತಿದ್ದರು, ರಾತ್ರಿ ಹಳೇ ಟೈರು ಉರಿಸಿಕೊಂಡು ಅದರ ಬೆಳಕಿನಲ್ಲಿ ತಮ್ಮ ರಾಜ್ಯ ಕಟ್ಟುತ್ತಿದ್ದರು. ಹೆಂಡತಿಗೂ ಕೆಲವೇ ಕೆಲವು ಆಪ್ತರಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಗುಟ್ಟು ಯಾಕೆಂದರೆ, ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು, ಕಟ್ಟಿದ್ದೆಲ್ಲ ಒಂದೇ ದಿನದಲ್ಲಿ ನೆಲಸಮವಾಗುತ್ತಿತ್ತು. ಸರಕಾರಿ ಅರಣ್ಯ ಜಾಗದಲ್ಲಿ ಅತಿಕ್ರಮಣ ಅದು. ಅದಕ್ಕೆ ಬೇರೆ ಹೆಸರಿಲ್ಲ.

ಈಗ ಕೆಲಸದ ಕಡೆ ಸ್ವಲ್ಪ ನೋಡೋಣ. ಕೈ ಕೆಸರು ಮಾಡಿಕೊಳ್ಳುವ ಹವ್ಯಾಸವಿರುವ ನಿಮ್ಮಂಥವರಿಗೆ ಇದೇ ರುಚಿಯಾದ ಭಾಗ.

ಕಲ್ಲುಗಳ ನಂತರ ಅವರು ಗೊಂಬೆಗಳಿಗೆ ಕೈ ಹಾಕಿದರು. ಗೊಂಬೆಗೆ ಒಳಗೊಂದು ಎಲುಬು ಬೇಕಲ್ಲ? ಅದಕ್ಕೆ ಗುಜರಿಯ ಕಬ್ಬಿಣದ ಸರಳು, ಸೈಕಲ್ಲಿನ ಫ್ರೇಮು, ಹ್ಯಾಂಡಲ್ಲು, ಮುಂದಿನ ಚಕ್ರದ ಕವಲುಕಡ್ಡಿ. ಆ ಕವಲನ್ನು ತಲೆಕೆಳಗು ಮಾಡಿದರೆ ಎರಡು ಕಾಲು ತಾವೇ ಸಿದ್ಧ. ಸೈಕಲ್ಲಿನ ಸೀಟು ಒಂದು ಪ್ರಾಣಿಯ ಮುಖವಾಗುತ್ತದೆ. ಈ ಎಲುಬಿನ ಮೇಲೆ ಸಿಮೆಂಟು ಮರಳಿನ ಗಾರೆ ಮೆತ್ತಿ ಮೈ ತುಂಬಿಸುವುದು, ಅದು ಹಸಿ ಇರುವಾಗಲೇ ಮೇಲೆ ಬಳೆಚೂರು, ಕಪ್ಪುಬಸಿಯ ಚೂರು, ಟೈಲಿನ ಚೂರು ಒತ್ತುವುದು. ಹೆಂಗಸರ ಗೊಂಬೆಗಳಿಗೆ ಬಳೆಚೂರಿನದೇ ಸೀರೆ. ಕೆಂಪು, ಹಸಿರು, ನೀಲಿ ಪಟ್ಟೆ ಪಟ್ಟೆಯಾಗಿ ಬಿಸಿಲಿಗೆ ಮಿಂಚುತ್ತದೆ. ಕೆಲವು ಗೊಂಬೆಗಳ ತಲೆಗೆ ಕ್ಷೌರದಂಗಡಿಯಿಂದ ಗುಡಿಸಿ ತಂದ ನಿಜವಾದ ಕೂದಲು! ಇಟ್ಟಿಗೆ ಭಟ್ಟಿಯಲ್ಲಿ ಅತಿಯಾಗಿ ಬೆಂದು ಕರಗಿ ಗಂಟುಗಂಟಾದ ಕಿಟ್ಟ ಯಾವ ಮೇಸ್ತ್ರಿಗೂ ಬೇಡದ ಪದಾರ್ಥ. ಅದನ್ನೂ ತಂದು ಬೆಟ್ಟ ಗುಡ್ಡಗಳ ಹಾಗೆ ಪೇರಿಸಿದರು.

ಗೋಡೆಗಳ ಉಪಾಯ ನನಗೆ ಇನ್ನೂ ಇಷ್ಟ. ಖಾಲಿ ಡಾಂಬರು ಪೀಪಾಯಿಗಳನ್ನೇ ಅಚ್ಚು ಮಾಡಿಕೊಂಡು ಎರಕ ಹೊಯ್ದ ಗೋಡೆಗಳಿವೆ. ದೂರದಿಂದ ನೋಡಿದರೆ ಯಾವುದೋ ಹಳೇ ಕೋಟೆಯ ಬುರುಜಿನ ಸಾಲು. ಇನ್ನು ಕೆಲವು ಕಡೆ ಗೋಣಿಚೀಲಕ್ಕೆ ಕಾಂಕ್ರೀಟು ತುಂಬಿ ಒಂದರ ಮೇಲೊಂದು ಒಟ್ಟಿದ್ದಾರೆ. ವರ್ಷಗಳು ಕಳೆದ ಹಾಗೆ ಗೋಣಿ ಕೊಳೆತು ಹೋಗಿ, ಅದರ ನೇಯ್ಗೆಯ ಗುರುತು ಮಾತ್ರ ಕಲ್ಲಿನ ಮೇಲೆ ಉಳಿದಿದೆ. ಒಂದು ಗೋಡೆಯ ಮೈ ತುಂಬ ಪಿಂಗಾಣಿಯ ಎಲೆಕ್ಟ್ರಿಕ್ ಫ್ಯೂಸುಗಳೇ. ಕರೆಂಟು ಹೋದಾಗ ಸ್ಟೂಲು ಹತ್ತಿ ತಂತಿ ಕಟ್ಟುತ್ತಿದ್ದ ನಮ್ಮ ತಲೆಮಾರಿನವರಿಗೆ ಅದನ್ನು ಕಂಡರೆ ಕೈ ತುರಿಸುತ್ತದೆ. ಒಳಗಿನ ಬಾಗಿಲುಗಳು ಬೇಕೆಂದೇ ಗಿಡ್ಡ. ಎಷ್ಟೇ ದೊಡ್ಡ ಅಧಿಕಾರಿಯಾದರೂ ತಲೆ ಬಗ್ಗಿಸದೆ ಮುಂದಿನ ಅಂಗಳಕ್ಕೆ ಹೋಗಲಾರ. ಒಂದು ಬಾಗಿಲು ದಾಟಿದರೆ ಸಂಗೀತಗಾರರ ಗುಂಪು, ಇನ್ನೊಂದು ದಾಟಿದರೆ ನೀರು ಹೊರುವ ಹೆಂಗಸರ ಸಾಲು, ಆಮೇಲೆ ಕೋತಿಗಳ ದಂಡು, ನವಿಲುಗಳ ದಂಡು. ಎಲ್ಲವೂ ಸಾಲು ಸಾಲಾಗಿ ನಿಮ್ಮನ್ನೇ ನೋಡುತ್ತ ನಿಂತಿರುತ್ತವೆ. ದಸರೆ ಗೊಂಬೆಯ ಮೆಟ್ಟಿಲು ನೋಡಿ ಬೆಳೆದ ಕಣ್ಣಿಗೆ ಈ ಜೋಡಣೆ ಹೊಸದೆನಿಸುವುದಿಲ್ಲ.

ಸರಿ, ಗುಟ್ಟು ರಟ್ಟಾಯಿತು. 1970ರ ದಶಕದ ಮೊದಲರ್ಧದಲ್ಲಿ ಅಧಿಕಾರಿಗಳ ಕಣ್ಣಿಗೆ ಈ ಜಾಗ ಬಿತ್ತು. ಸುಮಾರು 12 ಎಕರೆಯಷ್ಟು ಹರಡಿದ್ದ ಅಂಗಳಗಳು, ನೂರಾರು ಗೊಂಬೆಗಳು! ನಿಯಮದ ಪ್ರಕಾರ ಕೆಡವಬೇಕು. ಕೆಡವಬೇಕೆಂದು ಹೇಳಿದವರೂ ಇದ್ದರು. ನಗರದ ತೋಟ ಮರಗಳ ಸಲಹಾ ಸಮಿತಿಯ ಮುಖ್ಯಸ್ಥರಾಗಿದ್ದ ಎಂ.ಎಸ್. ರಂಧಾವಾ ಅವರಂಥವರು ನೋಡಿ, ಇದನ್ನು ಉಳಿಸಬೇಕೆಂದರು. ರಂಧಾವಾ ಐ.ಸಿ.ಎಸ್. ಅಧಿಕಾರಿ, ಸಸ್ಯಶಾಸ್ತ್ರಜ್ಞ, ಚಿತ್ರಕಲೆಯ ಇತಿಹಾಸ ಬರೆದವರು. ಚಂಡೀಗಡದ ರಸ್ತೆಗಳಿಗೆ ಯಾವ ಮರ ಎಂದು ಆರಿಸಿದವರಲ್ಲಿ ಪ್ರಮುಖರು. ಸುದ್ದಿ ಹಬ್ಬಿದ ಮೇಲೆ ಜನ ತಂಡ ತಂಡವಾಗಿ ಬಂದು ನೋಡತೊಡಗಿದರು. ಇಷ್ಟು ಜನ ನೋಡಿ ಮೆಚ್ಚಿದ್ದನ್ನು ಕೆಡವುವುದು ಯಾವ ಆಡಳಿತಕ್ಕೂ ಸುಲಭವಲ್ಲ.

1976ರ ಜನವರಿಯಲ್ಲಿ ತೋಟ ಅಧಿಕೃತವಾಗಿ ಸಾರ್ವಜನಿಕರಿಗೆ ತೆರೆಯಿತು. ಅತಿಕ್ರಮಣ ಮಾಡಿದವರಿಗೆ ಸರಕಾರವೇ ಸಂಬಳ ಗೊತ್ತು ಮಾಡಿ, 'ಸಬ್ ಡಿವಿಜನಲ್ ಇಂಜಿನಿಯರ್, ರಾಕ್ ಗಾರ್ಡನ್' ಎಂಬ ಹುದ್ದೆ ಸೃಷ್ಟಿಸಿ, 50 ಮಂದಿ ಕೆಲಸಗಾರರನ್ನು ಕೊಟ್ಟಿತು. ನಮ್ಮ ದೇಶದ ಕಚೇರಿಗಳ ಇತಿಹಾಸದಲ್ಲಿ ಇಂಥ ಆರ್ಡರು ಇನ್ನೊಂದು ಹೊರಟಿದೆಯೋ ಇಲ್ಲವೋ! ನಮ್ಮವರಿಗೆ ಪರಿಚಿತವಾದ ಒಂದು ಹೆಸರು ಇಲ್ಲಿ ಬರುತ್ತದೆ. 1976ರಿಂದ 1978ರವರೆಗೆ ಚಂಡೀಗಡದ ಚೀಫ್ ಕಮಿಷನರ್ ಆಗಿದ್ದವರು ಟಿ.ಎನ್. ಚತುರ್ವೇದಿ. ಮುಂದೆ 2002ರಿಂದ 2007ರವರೆಗೆ ಕರ್ನಾಟಕದ ರಾಜ್ಯಪಾಲರಾಗಿ ಬೆಂಗಳೂರಿನ ರಾಜಭವನದಲ್ಲಿದ್ದವರು ಇವರೇ.

ಆಮೇಲೆ ತೋಟ ಬೆಳೆಯಿತು. ಊರಿನ ನಾನಾ ಕಡೆ ಕಸ ಸಂಗ್ರಹದ ಕೇಂದ್ರಗಳಾದವು, ಮನೆ ಹೋಟೆಲುಗಳ ಒಡೆದ ಪಾತ್ರೆ, ಚಿಂದಿ ಬಟ್ಟೆ ಎಲ್ಲ ಅಲ್ಲಿಗೇ ಬಂತು. ಚಿಂದಿಯಿಂದ ಆಳೆತ್ತರದ ಬಟ್ಟೆ ಗೊಂಬೆಗಳಾದವು. ಕಣಿವೆ, ಜಲಪಾತ, ಕಮಾನುಗಳ ಕೆಳಗೆ ಜೋಕಾಲಿ, ಬಯಲು ರಂಗಮಂದಿರ ಎಲ್ಲ ಒಂದೊಂದಾಗಿ ಸೇರಿದವು. 1983ರಲ್ಲಿ ಅಂಚೆ ಇಲಾಖೆ ಸ್ಟಾಂಪು ತಂದಿತು, 1984ರಲ್ಲಿ ಪದ್ಮಶ್ರೀ ಬಂತು. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಮಕ್ಕಳ ಮ್ಯೂಸಿಯಮ್ಮಿನ ಅಂಗಳಕ್ಕೆ ಇಲ್ಲಿಂದ ಗೊಂಬೆಗಳು ಹಡಗು ಹತ್ತಿ ಹೋದವು. ಸನ್ಮಾನಗಳ ಪಟ್ಟಿ ಉದ್ದವಿದೆ, ಅದನ್ನು ಇಲ್ಲಿಗೇ ಬಿಡೋಣ. ಅದಕ್ಕಿಂತ ಮುಖ್ಯವಾದ ಒಂದು ದಿನ 1990ರಲ್ಲಿ ಬಂತು.

ತೋಟದ ಒಂದು ಭಾಗ ತೆಗೆದು ರಸ್ತೆ ಮಾಡಬೇಕೆಂದು ಬುಲ್ಡೋಜರುಗಳು ಬಂದು ನಿಂತವು. ನೇಕ್ ಚಂದ್ ಒಬ್ಬರೇ ಇದ್ದಿದ್ದರೆ ಏನಾಗುತ್ತಿತ್ತೋ. ಊರಿನ ಜನ, ಶಾಲೆಯ ಮಕ್ಕಳು ಸಹಿತ, ಕೈಗೆ ಕೈ ಹಿಡಿದು ಯಂತ್ರಗಳ ಮುಂದೆ ಸಾಲುಗಟ್ಟಿ ನಿಂತರು. ಬುಲ್ಡೋಜರು ವಾಪಸು ಹೋದವು. ಸ್ವಲ್ಪ ಯೋಚಿಸಿ. ಚಂಡೀಗಡದಲ್ಲಿ ಆಗ ಇದ್ದವರಲ್ಲಿ ಹೆಚ್ಚು ಪಾಲು ಬೇರೆ ಎಲ್ಲಿಂದಲೋ ಬಂದವರು, ಇಲ್ಲವೇ ಅಂಥವರ ಮಕ್ಕಳು. ಊರಿಗೆ ನಲವತ್ತು ವರ್ಷ ತುಂಬಿರಲಿಲ್ಲ. ಕಾರ್ಬೂಸಿಯೆಯ ದೊಡ್ಡ ದೊಡ್ಡ ಕಟ್ಟಡಗಳಿದ್ದ ಊರಲ್ಲಿ ಅವರು ಅಡ್ಡ ನಿಂತದ್ದು ಒಬ್ಬ ರೋಡ್ ಇನ್‌ಸ್ಪೆಕ್ಟರನ ಬಳೆಚೂರಿನ ಗೊಂಬೆಗಳಿಗಾಗಿ. 'ಇದು ನಮ್ಮೂರು' ಎಂಬ ಭಾವನೆ ಎಲ್ಲಿಂದ ಹುಟ್ಟುತ್ತದೆ ಎಂದು ಕನ್ನಡ ಸಂಘಗಳ ಸಭೆಗಳಲ್ಲಿ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ, ಈ ಘಟನೆಯನ್ನೂ ಒಮ್ಮೆ ಅಲ್ಲಿ ಚರ್ಚಿಸಬಹುದು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1996ರಲ್ಲಿ ಅವರು ವಿದೇಶದಲ್ಲಿದ್ದಾಗ ಕಿಡಿಗೇಡಿಗಳು ನುಗ್ಗಿ ಎಷ್ಟೋ ಗೊಂಬೆಗಳನ್ನು ಮುರಿದು ಹಾಕಿದರು. ಮುಂದಿನ ವರ್ಷ ಲಂಡನ್ನಿನಲ್ಲಿ ಅವರ ಹೆಸರಿನ ಪ್ರತಿಷ್ಠಾನ ಹುಟ್ಟಿತು, ಅದರ ಮೂಲಕ ಹೊರದೇಶದ ಸ್ವಯಂಸೇವಕರು ಬಂದು ಸಿಮೆಂಟು ಕಲಸಿ, ಟೈಲಿನ ಚೂರು ಅಂಟಿಸಿ ರಿಪೇರಿಗೆ ಕೈ ಜೋಡಿಸಿದರು.

ಇಂಥ ಹುಚ್ಚು ನೇಕ್ ಚಂದರೊಬ್ಬರದೇ ಎಂದುಕೊಳ್ಳಬೇಡಿ. ಫ್ರಾನ್ಸಿನ ಓತ್‌ರೀವ್ ಎಂಬ ಹಳ್ಳಿಯಲ್ಲಿ ಫರ್ಡಿನಾಂಡ್ ಶೆವಾಲ್ ಎಂಬ ಅಂಚೆಯವನಿದ್ದ. 1879ರಲ್ಲಿ ಟಪ್ಪಾಲು ಹಂಚುವ ದಾರಿಯಲ್ಲಿ ಒಂದು ಕಲ್ಲು ಎಡವಿದ. ಕಲ್ಲು ಚಂದವಿತ್ತು, ಜೇಬಿಗೆ ಹಾಕಿಕೊಂಡ. ಮರುದಿನ ಇನ್ನೊಂದಿಷ್ಟು, ಆಮೇಲೆ ತಳ್ಳುಗಾಡಿ. 33 ವರ್ಷ ದುಡಿದು ತನ್ನ ಕೈತೋಟದಲ್ಲೇ ಒಂದು ಅರಮನೆ ಕಟ್ಟಿದ, ವಾಸಕ್ಕಲ್ಲ, ನೋಡಲಿಕ್ಕೆ. 1969ರಲ್ಲಿ ಫ್ರಾನ್ಸ್ ಸರಕಾರ ಅದನ್ನು ಚಾರಿತ್ರಿಕ ಸ್ಮಾರಕ ಎಂದು ಘೋಷಿಸಿತು. ಶೆವಾಲ್ ತೀರಿಕೊಂಡದ್ದು 1924ರ ಆಗಸ್ಟಿನಲ್ಲಿ, ನೇಕ್ ಚಂದ್ ಹುಟ್ಟಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಪುನರ್ಜನ್ಮ ನಂಬುವವರು ಲೆಕ್ಕ ಹಾಕಿಕೊಳ್ಳಲಿ!

ಇನ್ನೊಬ್ಬ ಸೈಮನ್ ರೋಡಿಯಾ. ಇಟಲಿಯಿಂದ ಅಮೆರಿಕಕ್ಕೆ ಹೋದ ಕೂಲಿಗಾರ. ಲಾಸ್ ಏಂಜಲೀಸಿನ ವಾಟ್ಸ್ ಎಂಬ ಬಡವರ ಬಡಾವಣೆಯಲ್ಲಿ, ರೈಲು ಹಳಿಯ ಪಕ್ಕದ ಮುಕ್ಕೋನ ಸೈಟಿನಲ್ಲಿ ಅವನ ಮನೆ. 1921ರಿಂದ 1954ರವರೆಗೆ, ಅವನದ್ದೂ ಸರಿಯಾಗಿ 33 ವರ್ಷ, ಒಬ್ಬನೇ ಹಿತ್ತಲಲ್ಲಿ ಗೋಪುರ ಕಟ್ಟಿದ. ಅತಿ ಎತ್ತರದ್ದು ಸುಮಾರು 30 ಮೀಟರು. ಕಬ್ಬಿಣದ ಸರಳನ್ನು ರೈಲು ಹಳಿಗೆ ಸಿಕ್ಕಿಸಿ ಬಗ್ಗಿಸುವುದು, ತಂತಿಜಾಲರಿ ಸುತ್ತಿ ಗಾರೆ ಮೆತ್ತುವುದು, ಮೇಲೆ ಸೋಡಾ ಬಾಟಲಿಯ ಗಾಜು, ಕಪ್ಪೆಚಿಪ್ಪು, ಟೈಲಿನ ಚೂರು ಒತ್ತುವುದು. ವೆಲ್ಡಿಂಗ್ ಇಲ್ಲ, ಬೋಲ್ಟು ಇಲ್ಲ. ಕಡೆಗೊಂದು ದಿನ ಜಾಗವನ್ನು ನೆರೆಯವನಿಗೆ ಕೊಟ್ಟು ಹೊರಟುಹೋದ, ಮತ್ತೆ ತಿರುಗಿ ಬರಲೇ ಇಲ್ಲ. ಗೋಪುರ ಅಪಾಯಕಾರಿ, ಕೆಡವಿ ಎಂದು ನಗರಾಡಳಿತ ಆದೇಶಿಸಿತು. 1959ರಲ್ಲಿ ಜನರ ಒತ್ತಾಯಕ್ಕೆ ಪರೀಕ್ಷೆ ನಡೆಯಿತು: 10,000 ಪೌಂಡು, ಅಂದರೆ ಸುಮಾರು 4,500 ಕೆ.ಜಿ. ಬಲದಿಂದ ಕ್ರೇನು ಎಳೆಯಿತು. ಗೋಪುರ ಜಗ್ಗಲಿಲ್ಲ, ಕ್ರೇನೇ ಸೋತಿತು. ಆ ಗೋಪುರಗಳು ಇಂದಿಗೂ ನಿಂತಿವೆ.

ಮೂವರದೂ ಸಣ್ಣ ಸಂಬಳದ ಕೆಲಸ, ಮೂವರಿಗೂ ಓದು ಅಷ್ಟಕ್ಕಷ್ಟೇ. ಆದರೆ ನನಗೆ ಕಾಣುವ ಒಂದು ದೊಡ್ಡ ವ್ಯತ್ಯಾಸವೆಂದರೆ, ಶೆವಾಲನಿಗೂ ರೋಡಿಯಾನಿಗೂ ಜಾಗ ಸ್ವಂತದ್ದು. ನೇಕ್ ಚಂದರಿಗೆ ಸ್ವಂತ ನೆಲ ಇದ್ದದ್ದು ಗಡಿಯ ಆಚೆ ಹೋಯಿತು. ಹಾಗಾಗಿ ಇವರ ತೋಟ ಮೊದಲ ದಿನದಿಂದಲೂ ಕಾನೂನಿನ ಕೃಪೆಯಲ್ಲಿ ಉಳಿದುಕೊಂಡದ್ದು. ದಿಲ್ಲಿಯಲ್ಲಿ ಸರಾಯ್ ಕಾಲೆ ಖಾನ್ ಹತ್ತಿರ 2019ರಲ್ಲಿ ಗುಜರಿ ಕಬ್ಬಿಣದಿಂದ ತಾಜಮಹಲು, ಐಫೆಲ್ ಗೋಪುರ ಮಾಡಿಟ್ಟ 'ವೇಸ್ಟ್ ಟು ವಂಡರ್' ಪಾರ್ಕು ತೆರೆಯಿತಲ್ಲ, ಮಕ್ಕಳಿಗೆ ತೋರಿಸಲು ಚೆನ್ನಾಗಿದೆ. ಆದರೆ ಟೆಂಡರಿನ ಗುಜರಿಗೂ ಸೈಕಲ್ಲಿನ ಮೇಲೆ ಕಟ್ಟಿ ತಂದ ಗುಜರಿಗೂ ಅಂತರ ಇದ್ದೇ ಇದೆ.

ಇನ್ನು ನಿಮ್ಮ ಬಾಲ್ಕನಿಗೆ ಬರೋಣ. ಹನ್ನೆರಡು ಎಕರೆ ಬೇಡ, ಒಂದು ಕುಂಡ ಸಾಕು. ಮನೆಯಲ್ಲಿ ಕಪ್ಪುಬಸಿ ಒಡೆದರೆ, ಬಾತ್‌ರೂಮಿನ ಟೈಲು ಬದಲಾಯಿಸಿದರೆ ಚೂರುಗಳನ್ನು ಎಸೆಯಬೇಡಿ. ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬೆರಳುಗುರಿನಷ್ಟು ತುಂಡುಗಳಾಗುತ್ತವೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಬೇಕೇ ಬೇಕು. ಸಿಮೆಂಟು ಬರಿಗೈಯನ್ನು ಸುಡುತ್ತದೆ, ತಾತ್ಸಾರ ಮಾಡಬೇಡಿ. ಮಣ್ಣಿನ ಕುಂಡವನ್ನು ಒಂದು ಗಂಟೆ ನೀರಲ್ಲಿ ನೆನೆಸಿ ತೆಗೆಯಿರಿ. ಒಣ ಕುಂಡಕ್ಕೆ ಗಾರೆ ಮೆತ್ತಿದರೆ ಅದು ನೀರನ್ನೆಲ್ಲ ಹೀರಿಕೊಂಡು ಗಾರೆ ಪುಡಿಯಾಗಿ ಉದುರುತ್ತದೆ. ಒಂದು ಪಾಲು ಸಿಮೆಂಟು, ಮೂರು ಪಾಲು ಜರಡಿ ಹಿಡಿದ ಮರಳು, ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ ಕಲಸಿ, ಅರ್ಧ ಅಂಗುಲದಷ್ಟು ಕರಣೆಯಲ್ಲಿ ಬಳಿಯಿರಿ. ಒಮ್ಮೆಗೇ ಇಡೀ ಕುಂಡಕ್ಕೆ ಬೇಡ, ಅಂಗೈ ಅಗಲದಷ್ಟು ಬಳಿದು ಅಷ್ಟಕ್ಕೆ ಚೂರು ಒತ್ತಿ ಮುಂದೆ ಹೋಗಿ. ಮರುದಿನ ಸಂದುಗಳಿಗೆ ಬಿಳಿ ಸಿಮೆಂಟು ತುಂಬಿ, ಅದು ಒಣಗುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣಗಳು ಎದ್ದು ಬರುತ್ತವೆ. ಆಮೇಲೆ ಒಂದು ವಾರ ದಿನಕ್ಕೆರಡು ಸಲ ನೀರು ಚಿಮುಕಿಸಿ, ನೇರ ಬಿಸಿಲಿಗೆ ಇಡಬೇಡಿ. ತಳದ ತೂತು ಮುಚ್ಚಿಹೋಗದಂತೆ ಒಂದು ಕಡ್ಡಿ ಸಿಕ್ಕಿಸಿಟ್ಟಿರಿ.

ಹಳೇ ಟರ್ಕಿ ಟವಲ್ಲಿನದೂ ಒಂದು ಉಪಾಯವಿದೆ. ಇಡ್ಲಿ ಹಿಟ್ಟಿನ ಹದದ ಸಿಮೆಂಟು ಬಗ್ಗಡದಲ್ಲಿ ಅದ್ದಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ (ಮೊದಲು ಪ್ಲಾಸ್ಟಿಕ್ ಹಾಳೆ ಹೊದಿಸಿ) ಇಳಿಬಿಟ್ಟರೆ, ಎರಡು ದಿನದಲ್ಲಿ ನೆರಿಗೆ ನೆರಿಗೆಯ ಕುಂಡ ತಯಾರು. ಆದರೆ ಫ್ಲ್ಯಾಟಿನವರು ಒಂದು ಲೆಕ್ಕ ಮರೆಯಬಾರದು. ಒಂದು ಘನ ಅಡಿ ಕಾಂಕ್ರೀಟು ಸುಮಾರು 68 ಕೆ.ಜಿ. ತೂಗುತ್ತದೆ. ಬಾಲ್ಕನಿಯ ಚಾಚಿದ ಅಂಚಿನಲ್ಲಿ ಸಾಲಾಗಿ ಭಾರದ ಕುಂಡ ಇಟ್ಟು ಸೊಸೈಟಿಯ ಸೆಕ್ರೆಟರಿಯ ಕೋಪಕ್ಕೆ ಗುರಿಯಾಗಬೇಡಿ. ಭಾರದ್ದು ಗೋಡೆಯ ಬುಡಕ್ಕಿರಲಿ.

ನೇಕ್ ಚಂದ್ 2015ರ ಜೂನ್ 12ರಂದು, ತೊಂಬತ್ತು ದಾಟಿ ತೀರಿಕೊಂಡರು. ಮರುವರ್ಷ, 2016ರಲ್ಲಿ, ಪಕ್ಕದ ಕ್ಯಾಪಿಟಲ್ ಕಾಂಪ್ಲೆಕ್ಸ್ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿತು. ಅದರ ಬಗಲಲ್ಲೇ ಇರುವ ಬಳೆಚೂರಿನ ತೋಟದ ಗಂಡಾಂತರ ಮಾತ್ರ ತಪ್ಪಲಿಲ್ಲ. 2025ರ ಮಾರ್ಚಿನಲ್ಲಿ ಹೈಕೋರ್ಟಿನ ಕಡೆಗಿದ್ದ ತೋಟದ ಹೊರಗೋಡೆಯ ಒಂದು ಭಾಗವನ್ನು ರಸ್ತೆ ಅಗಲ ಮಾಡಲು, ಪಾರ್ಕಿಂಗಿಗೆ ಅನುಕೂಲ ಮಾಡಲು ಕೆಡವಿದರು. ಊರಿನವರು ಪ್ರತಿಭಟಿಸಿದರು. 1990ರ ಹಾಗೆ ಯಂತ್ರಗಳು ಹಿಂದಕ್ಕೆ ಹೋಗಲಿಲ್ಲ.

ನೋಡಬೇಕೆಂದರೆ ತೋಟ ಇರುವುದು ಚಂಡೀಗಡದ ಸೆಕ್ಟರ್ 1ರಲ್ಲಿ, ಸುಖ್ನಾ ಕೆರೆಯ ಹತ್ತಿರ. ದಿಲ್ಲಿಯಿಂದ ಬೆಳಿಗ್ಗೆ ಶತಾಬ್ದಿ ಹತ್ತಿದರೆ ಮೂರೂವರೆ ಗಂಟೆಯ ಪ್ರಯಾಣ, ಸಂಜೆ ವಾಪಸು ಬರಬಹುದು. ಚೆನ್ನೈನವರಿಗೆ ಅಷ್ಟು ದೂರ ಆಗದಿದ್ದರೆ ಕೇರಳದ ಪಾಲಕ್ಕಾಡಿನ ಹತ್ತಿರ ಮಲಂಪುಳ ಅಣೆಕಟ್ಟಿನ ಬಳಿ ನೇಕ್ ಚಂದರೇ ಮಾಡಿದ ಇನ್ನೊಂದು ಚಿಕ್ಕ ರಾಕ್ ಗಾರ್ಡನ್ ಇದೆ. ಮುಂಬಯಿ ಪುಣೆಯವರು ಹೈವೇಯಲ್ಲಿ ಬೆಂಗಳೂರಿಗೆ ಕಾರಿನಲ್ಲಿ ಹೋಗುವಾಗ ಹಾವೇರಿ ಜಿಲ್ಲೆಯ ಶಿಗ್ಗಾಂವಿ ಹತ್ತಿರ ಗೊಟಗೋಡಿಯಲ್ಲಿ ಇಳಿಯಿರಿ. ಅಲ್ಲಿನ ಉತ್ಸವ ರಾಕ್ ಗಾರ್ಡನ್ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕೆಲಸ. ಕಸದಿಂದ ಮಾಡಿದ್ದಲ್ಲ, ಸಿಮೆಂಟಿನ ಶಿಲ್ಪಗಳು. ಉತ್ತರ ಕರ್ನಾಟಕದ ಹಳ್ಳಿಯ ಬದುಕೇ ಅಲ್ಲಿ ಎದ್ದು ನಿಂತಿದೆ. ಚಂಡೀಗಡಕ್ಕೆ ಹೋದವರು ಗಿಡ್ಡ ಬಾಗಿಲುಗಳಲ್ಲಿ ತಲೆ ಜೋಪಾನ. ಮಧ್ಯಾಹ್ನ ಮೂರರ ಮೇಲೆ ಹೋಗಿ, ಓರೆ ಬಿಸಿಲು ಬಿದ್ದಾಗ ಬಳೆಚೂರಿನ ಸೀರೆಗಳನ್ನು ನೋಡಬೇಕು. ಫೋಟೋ ತೆಗೆದರೆ ನಮಗೂ ಒಂದು ಪ್ರತಿ ಕಳಿಸಿ. ನೀವು ಮಾಡಿದ ಕುಂಡದ್ದಾದರೂ ಸರಿಯೇ.